ಏಳು ಗುಂಡುಸೂಜಿ, ಐದು ಮೊಳೆ, ಒಂದು ಗಿಳಿ

ಟೈಲರಕ್ಕನ ಬಾಯಲ್ಲಿ ಆಗ ಏಳು ಗುಂಡುಸೂಜಿಗಳಿದ್ದವು. ಇಲ್ಲದಿದ್ದರೆ ಆ ನೋಟೀಸು ಓದಿದ ಕೂಡಲೇ ಇಡೀ ಬೀದಿಗೆ ಕೇಳುವ ಹಾಗೆ ಕಿರುಚಿಬಿಡುತ್ತಿದ್ದಳು. ಸೂಜಿಗಳಿದ್ದ ಕಾರಣ "ಊಂಊಂಊಂ!" ಅಂತಷ್ಟೇ ಹೊರಬಂತು.

ಹೊಲಿಗೆ ಮಿಷನ್ ಪಕ್ಕದ ಹಳೇ ಕಂಪ್ಯೂಟರಿನ ಪರದೆ ತುಂಬ ಹಸಿರು ಗಿಳಿಯ ಚಿತ್ರ. ಅದರ ಕೆಳಗೆ ಎರಡೇ ಸಾಲು: ಈ ತಿಂಗಳ ಕೊನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ 'ಗಿಳಿ' ಕರೆ ಸೇವೆ ನಿಲ್ಲುತ್ತದೆ. ಇಷ್ಟು ವರ್ಷ ಜೊತೆಗಿದ್ದಿರಿ, ವಂದನೆ.

"ಏನಾಯ್ತು?" ಅಂತ ಕಂಪ್ಯೂಟರಿನ ಒಳಗಿಂದ ತಮ್ಮನ ದನಿ ಬಂತು.

ತಮ್ಮ ಬಡಗಿ. ಮದುವೆಯಾದ ಮೇಲೆ ಹೆಂಡತಿಯ ಊರಿಗೆ, ಸಮುದ್ರದ ಆಚೆ ದಡಕ್ಕೆ ಹೋಗಿ ಕುರ್ಚಿ ಮಾಡುವ ಅಂಗಡಿ ಇಟ್ಟವನು. ಬೆಳಿಗ್ಗೆ ಒಂಬತ್ತಕ್ಕೆ ಕರೆ ಹಚ್ಚಿದ್ದ, ಈಗ ಹನ್ನೊಂದೂವರೆ. ಈ ಎರಡೂವರೆ ಗಂಟೆಯಲ್ಲಿ ಅವನು ಆಡಿದ ಮೊದಲ ಮಾತು ಇದೇ.

ಅಕ್ಕ ಸೂಜಿಗಳನ್ನು ಅಂಗೈಗೆ ಉಗುಳಿಕೊಂಡಳು. "ಗಿಳಿ ಮುಚ್ಚುತ್ತಂತೆ ಕಣೋ!"

"ಹೌದಾ," ಅಂದ ತಮ್ಮ. ಆಮೇಲೆ ಧಡ್, ಧಡ್, ಧಡ್ ಅಂತ ಸುತ್ತಿಗೆಯ ಮೂರು ಏಟು ಬಿತ್ತು. ಒಂದು ಮೊಳೆಗೆ ಮೂರು ಏಟು ಯಾಕೆ ಬೇಕು? ಅವನಿಗೆ ಯಾವಾಗಲೂ ಎರಡೇ ಸಾಕು. ಓಹೋ, ಇವನಿಗೂ ಸುದ್ದಿ ತಟ್ಟಿದೆ ಅಂತ ಅಕ್ಕನಿಗೆ ಗೊತ್ತಾಗಿಹೋಯಿತು.

ಅವರಿಬ್ಬರ ಮಾತುಕತೆ ಇರುವುದೇ ಹೀಗೆ. ಅಕ್ಕನ ಬಾಯಲ್ಲಿ ಸದಾ ಗುಂಡುಸೂಜಿ, ತಮ್ಮನ ತುಟಿಗಳ ನಡುವೆ ಸದಾ ನಾಲ್ಕೈದು ಮೊಳೆ. ಇನ್ನು ಮಾತಾಡುವುದು ಯಾರು? ಆ ಕಡೆ ಗರಗಸ, ಸುತ್ತಿಗೆ, ಈ ಕಡೆ ಮಿಷನ್ನಿನ ಟಕಟಕ. ಪೆಡಲ್ ನಿಧಾನವಾದರೆ ತಮ್ಮ "ಊಟ ಮಾಡು" ಅನ್ನುತ್ತಿದ್ದ. ಗರಗಸ ಜೋರಾದರೆ ಅಕ್ಕ "ಯಾರ ಮೇಲೋ ಸಿಟ್ಟು?" ಅನ್ನುತ್ತಿದ್ದಳು. ಅಷ್ಟೇ. ಅಮ್ಮ ತೀರಿಕೊಂಡ ತಿಂಗಳು ಅದೂ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಬರೀ ಮಿಷನ್ನು, ಬರೀ ಸುತ್ತಿಗೆ. ಆ ತಿಂಗಳನ್ನು ದಾಟಿಸಿದ್ದೇ ಆ ಸದ್ದು ಅಂತ ಅಕ್ಕ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಮನಸ್ಸಿನಲ್ಲಿ ಮಾತ್ರ ಗಟ್ಟಿಯಾಗಿ ಇಟ್ಟುಕೊಂಡಿದ್ದಳು.

ಗಿಳಿ ಬಂದ ಹೊಸದರಲ್ಲಿ ಏನು ಸಂಭ್ರಮ! ಫೋನ್ ಮಾಡ್ತೀನಿ ಅನ್ನುವವರೇ ಇರಲಿಲ್ಲ, ಎಲ್ಲರೂ "ಗಿಳಿ ಹಾರಿಸ್ತೀನಿ" ಅನ್ನುವವರೇ. ಕರೆ ಬಂದರೆ ಟೊಯ್ಂ ಟೊಯ್ಂ ಟುಯಿಂಕ್ ಅಂತ ಒಂದು ರಾಗ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಿಟಕಿ ಕಿಟಕಿಯಿಂದಲೂ ಅದೇ ರಾಗ, ಯಾರ ಮನೆಯದು ಅಂತ ತಿಳಿಯದೆ ಎಲ್ಲರೂ ಒಳಗೆ ಓಡುವುದು. ಆಮೇಲೆ ಜೇಬಿನೊಳಗಿನ ಫೋನಿಗೆ ಹೊಸ ಹೊಸ ಆ್ಯಪ್ ಬಂದವು. ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಅಕ್ಕನ ಪಟ್ಟಿಯಲ್ಲಿದ್ದ ತೊಂಬತ್ತು ಹೆಸರುಗಳು ಬೂದಿಬಣ್ಣಕ್ಕೆ ತಿರುಗಿ, ಹಸಿರಾಗಿ ಉಳಿದದ್ದು ತಮ್ಮನದೊಂದೇ. ಅಕ್ಕ ಅದನ್ನು ಗಮನಿಸಿಯೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ ತಾನೆ?

ಸಂಜೆಯೇ ಎದುರಂಗಡಿಯ ಮೊಬೈಲ್ ರಿಪೇರಿಯವನನ್ನು ಕರೆದಳು. ಫೋನ್ ನೀರಿಗೆ ಬಿದ್ದಿದೆ ಅಂದರೂ "ಅಪ್‌ಡೇಟ್ ಮಾಡಿ ನೋಡಿ" ಅನ್ನುವ ಆಸಾಮಿ, ಅದಕ್ಕೆ ಬೀದಿಯವರೆಲ್ಲ ಅವನನ್ನು ಅಪ್‌ಡೇಟಣ್ಣ ಅಂತಲೇ ಕರೆಯುವುದು.

"ಇನ್ನೂ ಗಿಳಿ ಇಟ್ಕೊಂಡಿದ್ದೀರಾ?" ಅಂತ ಅವನು ಕಣ್ಣರಳಿಸಿದ. "ಮ್ಯೂಸಿಯಮ್ಮಿನವರು ನೋಡಿದ್ರೆ ನಿಮ್ಮನ್ನೂ ಸೇರಿಸಿ ಎತ್ಕೊಂಡು ಹೋಗ್ತಾರೆ ಟೈಲರಕ್ಕ."

"ನಿನ್ನ ತಮಾಷೆ ಆಮೇಲೆ. ಕೆಲಸ ಮಾಡು."

ಅವನು ಫೋನಿಗೆ ಹೊಸ ಆ್ಯಪ್ ಹಾಕಿ, ಆ ಕಡೆ ತಮ್ಮನಿಗೂ ಹಾಕಿಸಿ, ಎದೆಯುಬ್ಬಿಸಿ ನಿಂತ. "ಎಷ್ಟು ಕ್ಲೀನು ಅಂದ್ರೆ, ಮಾತು ಬಿಟ್ರೆ ಇರುವೆ ನಡೆದ ಸದ್ದೂ ಬರಲ್ಲ!"

ಆಗ ಯಾರಿಗೂ ಏನೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಹೊಸದರಲ್ಲಿ ಕರೆ ಹಚ್ಚಿದಳು. ಆಸ್ಪತ್ರೆಯ ನರ್ಸುಗಳಿಗೆ ಹನ್ನೆರಡು ಬಿಳೀ ಕೋಟು ಹೊಲಿಯುವುದಿತ್ತು. ಬಾಯಿಗೆ ಸೂಜಿ ಇಟ್ಟಳು, ಪೆಡಲ್ ಒತ್ತಿದಳು, ಕಿವಿ ಆ ಕಡೆ ಕೊಟ್ಟಳು. ಏನೂ ಇಲ್ಲ. ಬಾವಿಯೊಳಗೆ ಕಿವಿ ಇಟ್ಟ ಹಾಗೆ. ಸೂಜಿ ತೆಗೆದಳು.

"ಇದ್ದೀಯೇನೋ?"

"ಇದ್ದೀನಿ. ನೀನು?"

"ನಾನೂ ಇದ್ದೀನಿ. ಕೆಲಸ ಮಾಡ್ತಿಲ್ವಾ?"

"ಬಡೀತಾನೇ ಇದ್ದೀನಲ್ಲ!"

ಅವನು ಬಡಿಯುತ್ತಿದ್ದ, ಇವಳು ಹೊಲಿಯುತ್ತಿದ್ದಳು. ಆ ಜಾಣ ಆ್ಯಪ್ಪು ಸುತ್ತಿಗೆಯೂ ಗಲಾಟೆ, ಮಿಷನ್ನೂ ಗಲಾಟೆ ಅಂತ ಎರಡನ್ನೂ ಗುಡಿಸಿ ಹಾಕುತ್ತಿತ್ತು! ಐದು ನಿಮಿಷಕ್ಕೊಮ್ಮೆ "ಇದ್ದೀಯಾ?" "ಇದ್ದೀನಿ." ಮತ್ತೆ "ಇದ್ದೀಯಾ?" "ಇದ್ದೀನಿ ಅಂದ್ನಲ್ಲ!" ಮಧ್ಯಾಹ್ನದ ಹೊತ್ತಿಗೆ ತಮ್ಮ ಹೆಬ್ಬೆರಳು ಜಜ್ಜಿಕೊಂಡಿದ್ದ. ಅಕ್ಕ ಮೂರು ಕೋಟುಗಳ ಜೇಬಿನ ಬಾಯನ್ನೇ ಹೊಲಿದುಬಿಟ್ಟಿದ್ದಳು.

ಅಳತೆ ನೋಡಲು ಬಂದ ನರ್ಸಮ್ಮ ಕೋಟು ತೊಟ್ಟು, ಕೈ ಒಳಗೆ ಹೋಗದೆ ತಡಕಾಡಿದಳು. "ಇದೇನ್ರೀ, ಥರ್ಮಾಮೀಟರ್ ಎಲ್ಲಿ ಇಟ್ಕೊಳ್ಲಿ, ಕಿವಿಗೆ ಸಿಕ್ಕಿಸ್ಕೊಳ್ಲಾ?"

ಅಕ್ಕ ಹಲ್ಲುಕಚ್ಚಿ ಹೊಲಿಗೆ ಬಿಚ್ಚಿದಳು. ಅವತ್ತೇ ಹೊಸದನ್ನು ಮುಚ್ಚಿಟ್ಟು ಗಿಳಿಗೆ ವಾಪಸ್ಸು ಬಂದಳು. ಉಳಿದ ಹನ್ನೊಂದು ದಿನ ಇಬ್ಬರೂ ಒಂದು ಮಾತೂ ಆಡದೆ, ಜಿಪುಣರ ಹಾಗೆ ಒಂದೊಂದು ಸದ್ದನ್ನೂ ಕೂಡಿಟ್ಟುಕೊಂಡು ಕೆಲಸ ಮಾಡಿದರು.

ಕೊನೆಯ ದಿನ ಹನ್ನೆರಡಕ್ಕೆ ಒಂದು ನಿಮಿಷ ಇದ್ದಾಗ ಅಕ್ಕ ಮಿಷನ್ ನಿಲ್ಲಿಸಿದಳು. ಆ ಕಡೆಯಿಂದ ಎರಡೇಟು. ಸ್ವಲ್ಪ ತಡೆದು ಇನ್ನೆರಡು. ಟುಯಿಂಕ್ ಅಂತ ಗಿಳಿ ಒಮ್ಮೆ ಕೂಗಿ, ಪರದೆ ಬೆಳ್ಳಗಾಯಿತು. ಅಕ್ಕ ಅವತ್ತು ಸೂಜಿಡಬ್ಬಿಯನ್ನು ಎರಡು ಸಲ ಚೆಲ್ಲಿದಳು.

ಮಾರನೇ ದಿನ ಹೊಸದರಲ್ಲೇ ಕರೆ. ಬೇರೆ ದಾರಿ ಎಲ್ಲಿದೆ? ಹತ್ತು ನಿಮಿಷ ಮೌನ, ಇಪ್ಪತ್ತು ನಿಮಿಷ ಮೌನ. ಅಕ್ಕನ ಸಿಟ್ಟು ನೆತ್ತಿಗೇರಿತು. ಸೂಜಿಗಳನ್ನು ಕಿತ್ತು ಮೇಜಿಗೆ ಎಸೆದಳು. ಕಾಲು ಮಾತ್ರ ಪೆಡಲ್ ತುಳಿಯುತ್ತಲೇ ಇತ್ತು.

"ಬಾಯಲ್ಲಿ ಏನು ಕಡುಬು ತುರುಕ್ಕೊಂಡಿದ್ದೀಯೇನೋ? ಚಿಕ್ಕಂದಿನಿಂದ್ಲೂ ಹೀಗೇ ನೀನು! ಕೊಡೆ ಕಳ್ಕೊಂಡಾಗ್ಲೂ ಗುಮ್ಮನ ಹಾಗೆ ನಿಂತಿದ್ದೆ, ಏಟು ತಿಂದಿದ್ದು ನಾನು! ಒಂದು ಮಾತಾಡಿದ್ರೆ ನಿನ್ನ ಗಂಟೇನು ಹೋಗುತ್ತೆ—"

"ಅಕ್ಕಾ!" ತಮ್ಮ ಕೂಗಿದ. "ನಿಲ್ಲಿಸ್ಬೇಡ! ಬೈತಾ ಇರು!"

"ಏನು?"

"ನೀನು ಬಯ್ಯೋವಾಗ ಹಿಂದೆ ಮಿಷನ್ ಕೇಳಿಸ್ತಿದೆ! ಸುಮ್ನಾದ್ರೆ ಅದೂ ಹೋಗುತ್ತೆ. ಬೈಯೇ, ಬೈಯೇ!"

ಮಾತಿನ ಬೆನ್ನಿಗೆ ಅಂಟಿಕೊಂಡು ಸದ್ದೂ ಕಳ್ಳದಾರಿಯಲ್ಲಿ ದಾಟುತ್ತಿತ್ತು! ಅಕ್ಕ ಕೊಡೆಯಿಂದ ಶುರು ಮಾಡಿ ಸೈಕಲ್ ಚಕ್ರ, ಒಡೆದ ಕನ್ನಡಿ, ಮರೆತ ಹುಟ್ಟುಹಬ್ಬ, ಎಲ್ಲಕ್ಕೂ ಸಾಲಾಗಿ ಬೈದಳು. ಎರಡು ಕೋಟಿನ ತೋಳು ಮುಗಿಯುವಷ್ಟು ಬೈದಳು. ಆಮೇಲೆ ಗಂಟಲೊಣಗಿ, "ಈಗ ನಿನ್ನ ಸರದಿ. ನನಗೂ ಸುತ್ತಿಗೆ ಬೇಡ್ವಾ?" ಅಂದಳು.

ಆ ಕಡೆ ಡಬ್ಬಿಯೊಳಗೆ ಮೊಳೆ ಉಗುಳುತ್ತ "ಥೂ" ಅಂದದ್ದು ಸ್ಪಷ್ಟವಾಗಿ ಕೇಳಿಸಿತು. "ಈಗ... ಕುರ್ಚಿ ಕಾಲು ಕೂರಿಸ್ತಿದ್ದೀನಿ," ಅಂದ ತಮ್ಮ. ಟಕ್. "ಇದು ಎಡಗಡೆ ಕಾಲು." ಟಕ್. "ಬಲಗಡೇದೂ ಇದೆ." ಟಕ್ ಟಕ್. ಅಕ್ಕ ಮಿಷನ್ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಮೊಳೆಗೆ ಎರಡೇ ಏಟು. ಅವನು ಚೆನ್ನಾಗಿದ್ದಾನೆ.

ವಾರ ಕಳೆಯುವಷ್ಟರಲ್ಲಿ ತಮ್ಮನಿಗೆ ಕುರ್ಚಿ ಕಾಲು ಸಾಲಲಿಲ್ಲ. ಪಕ್ಕದ ಅಂಗಡಿಯವನ ಗೊರಕೆ, ಕುರ್ಚಿ ಕೊಂಡು ಅದರ ಮೇಲೆ ಕೂರದ ಮುದುಕ, ಅಮ್ಮ ಹೇಳುತ್ತಿದ್ದ ಕಥೆ, ಒಂದಾದ ಮೇಲೊಂದು ಬಂದವು. ಅವನ ಹೆಂಡತಿ ಒಂದು ದಿನ ಫೋನ್ ಕಿತ್ತುಕೊಂಡು, "ಅತ್ತಿಗೆ, ಏನು ಕುಡಿಸಿದ್ರಿ ಇವರಿಗೆ? ಮನೇಲೂ ಶುರು ಮಾಡಿದ್ದಾರೆ! ಹತ್ತು ವರ್ಷದಿಂದ ಎಷ್ಟು ನೆಮ್ಮದಿಯಾಗಿದ್ದೆ ನಾನು!" ಅಂದಳು. ದೂರಿದ ದನಿಯಲ್ಲಿ ನಗು ಉಕ್ಕುತ್ತಿತ್ತು.

ಮೂರನೇ ವಾರ ಅಪ್‌ಡೇಟಣ್ಣ ಓಡಿಬಂದ. "ಸಿಕ್ತು ಟೈಲರಕ್ಕ! ಗಲಾಟೆ ತೆಗೆಯೋದನ್ನ ನಿಲ್ಲಿಸೋ ಬಟನ್ನು ಇಲ್ಲೇ ಒಳಗೆ ಬಚ್ಚಿಟ್ಟಿದ್ದಾರೆ!"

"ಮೂರು ವಾರ ಬೇಕಾಯ್ತೇನೋ ನಿನಗೆ?"

"ಅಪ್‌ಡೇಟ್ ಮಾಡಿದ್ಮೇಲೆ ಕಾಣಿಸ್ತು," ಅಂದ ಅವನು, ಗಂಭೀರವಾಗಿ.

ಎರಡೂ ಕಡೆ ಬಟನ್ ಒತ್ತಿದರು. ಧಡ್, ಧಡ್! ಸುತ್ತಿಗೆ, ಗರಗಸ, ಆ ಅಂಗಡಿಯ ಬಾಗಿಲ ಕಿರುಗುಟ್ಟುವಿಕೆ ಕೂಡ, ಎಲ್ಲ ಮೊದಲಿನ ಹಾಗೇ ಒಳಗೆ ನುಗ್ಗಿ ಬಂತು. ಅಕ್ಕನ ಎದೆ ತಣ್ಣಗಾಯಿತು.

"ಮಿಷನ್ ಕೇಳಿಸ್ತಿದ್ಯೇನೋ?"

"ಪಕ್ಕದಲ್ಲೇ ಇಟ್ಟ ಹಾಗೆ!"

"ಹಾಗಾದ್ರೆ ಇನ್ನು ಮಾತಿನ ಕಷ್ಟ ಬೇಡಪ್ಪ. ಆರಾಮಾಗಿ ಕೆಲಸ ಮಾಡು."

"ಸರಿ ಅಕ್ಕ."

ಅಕ್ಕ ಏಳು ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಗೆ ಇಟ್ಟುಕೊಂಡು, ಬಿಳೀ ಬಟ್ಟೆ ನೇರ ಮಾಡಿಕೊಂಡು, ಪೆಡಲ್ ಮೇಲೆ ಕಾಲಿಟ್ಟಳು.

"ಆದ್ರೆ ಅಕ್ಕ," ಅಂದ ತಮ್ಮ, "ಆ ಮುದುಕ ಇವತ್ತೇನು ಮಾಡಿದ ಗೊತ್ತಾ..."

"ಊಂ," ಅಂದಳು ಅಕ್ಕ.