ಹೊಕ್ಕುಳ ಗೆರೆ

ಹಲಗೆಯ ಮೇಲೆ ಬೋರಲಾಗಿ ಮಲಗಿ ಅಲೆಯೊಡನೆ ದಡಕ್ಕೆ ಸಾಗುವ ಬಾಡಿಬೋರ್ಡ್ ಆಟವನ್ನು ದೇಶದಲ್ಲಿ ಮೊದಲು ಆಡಿದ ಐವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಲು ಸಂಘವು ತೀರ್ಮಾನಿಸಿದಾಗ, ಅರ್ಜಿ ಹಾಕಿದವರು ನಲವತ್ತೊಂದು ಮಂದಿ. ಒಬ್ಬನು ಹೇಳಿದ ವರ್ಷದಿಂದ ಮತ್ತೊಬ್ಬನು ಒಂದನ್ನು ಕಳೆಯುತ್ತಿದ್ದನು. ಹೀಗೆ ಕಳೆಯುತ್ತ ಹೋಗಿ, ಸಂಘದ ಅಧ್ಯಕ್ಷರು ತಾವು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಅಲೆಯೇರಿದಂತಾಯಿತು.

ಅರ್ಜಿ ಹಾಕದೆಯೇ ಪಟ್ಟಿಯ ತಲೆಯಲ್ಲಿ ಕುಳಿತವನು ಹಾಸಿಗೆ ಅಂಗಡಿಯ ಯಜಮಾನನೊಬ್ಬನೇ. ನಲವತ್ತು ವರ್ಷಗಳ ಹಿಂದಿನ ಪತ್ರಿಕೆಯ ಚಿತ್ರವೇ ಅವನ ಸಾಕ್ಷಿ: ಕಂಕುಳಲ್ಲಿ ಹಲಗೆ, ಮುಖದಲ್ಲಿ ನಗು, ಕೆಳಗೆ ‘ಅಲೆ ಗೆದ್ದ ಯುವಕ’. ಗೆದ್ದವಳು ಅವನ ತಂಗಿ. ನೀರು ಕುಡಿಯದ ಗಟ್ಟಿ ಫೋಮನ್ನು ಕೊಯ್ದು ಹಲಗೆ ಮಾಡಿಕೊಟ್ಟಿದ್ದಷ್ಟೇ ಅವನ ಪಾಲು. ವರದಿಗಾರ ಬಂದಾಗ ತಂಗಿ ಬಟ್ಟೆ ಬದಲಿಸಲು ಹೋಗಿದ್ದಳು. ಹಲಗೆ ಅವನ ಕೈಯಲ್ಲಿತ್ತು. ಅವನು ಬಾಯಿ ಬಿಡಲಿಲ್ಲ. ಮಾರನೆಯ ದಿನ ಪತ್ರಿಕೆ ನೋಡಿದ ತಂಗಿಯೂ ಬಾಯಿ ಬಿಡಲಿಲ್ಲ. ಅಂದಿನಿಂದ ಅಂಗಡಿಯ ಹಿಂಬದಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ಗವಸು ಹೊಲಿಯುತ್ತಿದ್ದಳು.

ಕಾಗದದ ಮೇಲಿನ ಸುಳ್ಳು ಹಳದಿಯಾಗಿ ಉದುರಿಹೋಗುತ್ತದೆ. ಕಲ್ಲಿನದು ತಮ್ಮಿಬ್ಬರನ್ನೂ ದಾಟಿ ಬಾಳುತ್ತದೆ. ಕೆತ್ತುವ ಮೊದಲೇ ಅದನ್ನು ತಿದ್ದಬೇಕೆಂದು ಅವನು ಸಂಘದ ಸಮಿತಿಯನ್ನು ಅಂಗಡಿಗೆ ಕರೆಸಿದನು.

ಹಲಗೆಯ ಉದ್ದ ಆಡುವವನ ಹೊಕ್ಕುಳಿನವರೆಗೆ ಬರಬೇಕು. ಆದ್ದರಿಂದ ಗಿರಾಕಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಹೊಕ್ಕುಳಿನ ನೇರಕ್ಕೆ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯುವುದು ಅವನ ಪದ್ಧತಿ. ಗೋಡೆಯಲ್ಲಿ ಇಪ್ಪತ್ತಮೂರು ಗೆರೆಗಳಿದ್ದವು.

“ಎಲ್ಲಕ್ಕಿಂತ ಹಳೇದು ಈ ಗೆರೆ, ಸ್ವಾಮಿ. ನನ್ನ ತಂಗೀದು. ನನ್ನ ಗೆರೆ ಇಲ್ಲಿ ಇಲ್ಲವೇ ಇಲ್ಲ. ನಾನು ನೀರಿಗೇ ಇಳಿದವನಲ್ಲ.”

“ಆಹಾ, ಎಂಥ ವಿನಯ!” ಎಂದರು ಅಧ್ಯಕ್ಷರು. ಕಾರ್ಯದರ್ಶಿ ಬರೆದುಕೊಂಡನು.

“ವಿನಯ ಅಲ್ಲ, ನಿಜ.”

“ನಿಜವಾದ ವಿನಯ ಅಂತ ಬರಿಯಯ್ಯ.”

ಆದರೆ ಅಧ್ಯಕ್ಷರ ಕಣ್ಣು ತಾರೀಖುಗಳ ಮೇಲೆ ಬಿದ್ದಿತು. ಅವರದು ಹದಿನೇಳನೆಯ ಗೆರೆ ಎಂದು ಯಜಮಾನ ತೋರಿಸಿದಾಗ ಅವರು ಒಪ್ಪಲಿಲ್ಲ. ಕೋಟು ಬಿಚ್ಚಿ, ಅಂಗಿ ಮೇಲೆತ್ತಿ, ಗೋಡೆಗೆ ಒರಗಿ ನಿಂತರು. ನಲವತ್ತು ವರ್ಷಗಳ ಔತಣಗಳು ಹೊಟ್ಟೆಯನ್ನು ಕೆಳಕ್ಕೆ ಜಗ್ಗಿದ್ದವು. ಹೊಕ್ಕುಳು ನಾಲ್ಕು ಬೆರಳು ಇಳಿದು ಮೂರನೆಯ ಗೆರೆಗೆ ಸರಿಹೊಂದಿತು.

“ನೋಡಿದ್ರಾ! ನಾನು ಮೂರನೆಯವನು!”

ಇದನ್ನು ಕಂಡ ಖಜಾಂಚಿಯೂ ಅಂಗಿ ಎತ್ತಿದನು. ಅವನಿಗೆ ಎರಡನೆಯ ಗೆರೆಯೇ ಸಿಕ್ಕಿತು. ಅಧ್ಯಕ್ಷರು ಮತ್ತೆ ಒರಗಿ, ಈ ಸಲ ಮೊಣಕಾಲನ್ನು ತುಸು ಮಡಿಸಿದರು.

ಹಿಂಬದಿಯ ಹೊಲಿಗೆ ಯಂತ್ರ ನಿಂತಿತು. “ಇನ್ನೊಂಚೂರು ಕುಕ್ಕರಿಸಿ ಸ್ವಾಮಿ, ನನ್ನ ಗೆರೆಗೇ ಬರ್ತೀರಿ. ಅಲ್ಲೇ ಕೂತುಬಿಟ್ರೆ ಕಾಫಿ ತರಿಸ್ತೀನಿ,” ಎಂದಳು ತಂಗಿ.

“ನೀನೇ ಬಂದು ನಿಲ್ಲು,” ಎಂದನು ಯಜಮಾನ.

“ನಂಗ್ಯಾಕಣ್ಣಾ ಈಗ?”

“ಅವತ್ತು ನಾನು ಬಾಯಿ ಮುಚ್ಕೊಂಡಿದ್ದೆ. ಆ ಹೆಸರು ನಿನ್ನದು, ನಾನು ಕದ್ದೆ. ಇವರೆಲ್ಲರ ಮುಂದೆ ಹೇಳ್ತಾ ಇದೀನಿ.”

ತಂಗಿ ಎದ್ದು ಬಂದು ನೆಟ್ಟಗೆ ನಿಂತಳು. ಸೀರೆಯ ಮೇಲಿಂದಲೇ ಹೊಕ್ಕುಳಿನ ನೇರಕ್ಕೆ ಬೆರಳಿಟ್ಟಳು. ವಯಸ್ಸು ಬೆನ್ನನ್ನು ಕುಗ್ಗಿಸಿತ್ತು. ಬೆರಳು ಗೆರೆಗಿಂತ ಎರಡು ಅಂಗುಲ ಕೆಳಗಿತ್ತು.

“ಹೊಂದಲಿಲ್ಲ,” ಎಂದನು ಕಾರ್ಯದರ್ಶಿ, ನಿಜವಾಗಿಯೂ ಮರುಗುತ್ತ.

ಸಮಿತಿ ಅಲ್ಲೇ ಹಾಸಿಗೆಗಳ ಮೇಲೆ ಕುಳಿತು ನಿರ್ಣಯಿಸಿತು: ಎರಡನೆಯವರು ಅಧ್ಯಕ್ಷರು, ಮೂರನೆಯವನು ಖಜಾಂಚಿ; ಮೊದಲ ಹೆಸರು ಯಜಮಾನನದೇ. “ನನ್ನ ಹೆಸರು ಕೆತ್ತಿದರೆ ಸುತ್ತಿಗೆ ತಂದು ನಾನೇ ಒಡೀತೀನಿ,” ಎಂದನು ಅವನು. ಆಗ ನಿರ್ಣಯಕ್ಕೆ ತಿದ್ದುಪಡಿಯಾಯಿತು: ಮೊದಲ ಸಾಲು ಖಾಲಿ ಇರಲಿ, ಸಂಶೋಧನೆ ಮುಂದುವರಿಯಲಿ.

ಅವರು ಅಂಗಿಗಳನ್ನು ಒಳಸೇರಿಸಿಕೊಂಡು ಹೊರಟುಹೋದರು. ಯಜಮಾನನು ತಲೆ ಎತ್ತಲಿಲ್ಲ.

“ಖಾಲಿ ಬಿಟ್ರಲ್ಲೇ, ತಂಗೀ.”

“ನಿನ್ನ ಹೆಸರಿಲ್ವಲ್ಲ, ಅಷ್ಟು ಸಾಕು ನಂಗೆ,” ಎಂದಳು ಅವಳು. “ಒಂದು ಹಲಗೆ ಕೊಯ್ದುಕೊಡು. ಎರಡು ಅಂಗುಲ ಕಮ್ಮಿ ಮಾಡು. ಭಾನುವಾರ ಕಲ್ಲಿನ ಅನಾವರಣಕ್ಕೆ ಆ ಮೊದಲಿಗರೆಲ್ಲ ಅದರ ಮುಂದೆ ನಿಂತಿರ್ತಾರೆ, ಸಮುದ್ರ ಖಾಲಿ ಇರುತ್ತೆ.”

ಅವನು ಫೋಮನ್ನು ಮೇಜಿನ ಮೇಲೆ ಹಾಸಿ, ತಪ್ಪಾಗದಂತೆ ಎರಡು ಸಲ ಅಳೆದನು.