ಉಸಿರೆಳೆಯುವ ಜಾಗ

ಮಾರಿವಿಕ್‌ಗೆ ಅತ್ತೆಯ ಹಾಡಿನ ಪದಗಳಿಗಿಂತ ಮೊದಲು ಅರ್ಥವಾದದ್ದು ಅವಳ ಉಸಿರು. ಸೆಬು ದ್ವೀಪದಿಂದ ಮದುವೆಯಾಗಿ ಬುಲಾಕಾನ್‌ನ ಈ ಊರಿಗೆ ಬಂದ ಹೊಸತರಲ್ಲಿ ಇಲ್ಲಿಯ ಮಾತು ಅವಳ ನಾಲಿಗೆಗೆ ಹತ್ತಿರಲಿಲ್ಲ. ಪವಿತ್ರ ವಾರ ಬಂದು, ಬೀದಿಯ ಚಪ್ಪರದಲ್ಲಿ ಮೈಕ್ ಕಟ್ಟಿ ಪಬಾಸ ಶುರುವಾಯಿತು. ಯೇಸುವಿನ ಯಾತನೆಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ನಡುವೆ ಎಲ್ಲೂ ನಿಲ್ಲಿಸದೆ, ಎದುರುಬದುರು ಬೆಂಚಿನವರು ಪದ್ಯಕ್ಕೊಬ್ಬರಂತೆ ಸರದಿಯಲ್ಲಿ ಹಾಡಬೇಕು. ಅಡುಗೆಮನೆಯಲ್ಲಿ ಶುಂಠಿ ಜಜ್ಜುತ್ತ ಮಾರಿವಿಕ್ ಒಂದನ್ನೇ ಆಲಿಸಿದಳು: ಅತ್ತೆ ಎಲ್ಲಿ ಉಸಿರೆಳೆಯುತ್ತಾಳೆ? ಐದು ಸಾಲಿನ ಪದ್ಯಕ್ಕೆ ಎರಡೇ ಉಸಿರು. ಎಪ್ಪತ್ತು ದಾಟಿದ, ಒಣಮೀನಿನಂತಿದ್ದ ಆ ಹೆಂಗಸಿನೊಳಗೆ ಅಷ್ಟು ಗಾಳಿಗೆ ಜಾಗವೆಲ್ಲಿತ್ತೋ. ಊರಿಗೆಲ್ಲ ಅಜ್ಜಿ ಅವಳು, ಲೋಲಾ ಲಾರಿಂಗ್.

ಈ ಸಲ ಪಬಾಸಕ್ಕೆ ಮೊದಲೇ ಲಾರಿಂಗ್‌ಗೆ ಫ್ಲೂ ಹತ್ತಿತು. ಅರ್ಧ ಬೀದಿಗೆ ಹತ್ತಿತ್ತು. ಮೈಕೈ ನೋವು, ಒಣಕೆಮ್ಮು, ಜ್ವರ. ಆಮೇಲೆ ಜ್ವರ ಬಿಟ್ಟಿತು. ಲಾರಿಂಗ್ ಗಂಜಿ ಕುಡಿದಳು, ತಲೆಗೆ ಸ್ನಾನ ಮಾಡಿದಳು, ಕತ್ತಿಗೆ ಪೌಡರ್ ಹಚ್ಚಿಕೊಂಡು ಚಪ್ಪರಕ್ಕೆ ಹೋಗಿ ಕೂತಳು. ಗುರುವಾರ ಬೆಳಗ್ಗೆ ಜ್ವರ ಮರಳಿತು, ಹಲ್ಲು ಕಟಕಟ ಎನ್ನುವಷ್ಟು ನಡುಕದೊಂದಿಗೆ.

"ಬಿನಾತ್ ಇದು," ಅಂದಳು ಪಕ್ಕದ ಮನೆಯ ಪಾಸಿಂಗ್. ಚಪ್ಪರದಲ್ಲಿ ಎದುರು ಬೆಂಚಿನಿಂದ ಹಾಡುವವಳು ಅವಳೇ. "ಜ್ವರ ಬಿಟ್ಟ ಮೈಗೆ ತಣ್ಣೀರು ಹಾಕ್ಕೊಂಡ್ರೆ ಹೋದ ಕಾಯಿಲೆ ತಿರುಗಿ ಬರದೆ ಇರುತ್ತಾ? ಕೂದಲು ಸುಟ್ಟು ಹೊಗೆ ಕೊಡಿ, ಶುಂಠಿ ನೀರು ಕುಡಿಸಿ. ಸರಿ ಹೋಗ್ತಾಳೆ."

"ನೀನು ಸ್ನಾನ ಮಾಡಿದ್ದೇ ನಾನು ನೋಡಿಲ್ಲ," ಅಂದಳು ಲಾರಿಂಗ್. "ಅದಕ್ಕೇ... ನಿಂಗೆ ಬಿನಾತ್ ಬರಲ್ಲ."

ಲಾರಿಂಗ್‌ಳ ಮಗ, ಮಾರಿವಿಕ್‌ಳ ಗಂಡ ದೆನ್ಸಿಯೊ ಬಾಚಣಿಗೆಯ ಕೂದಲು ಸುಟ್ಟು ಹೊಗೆ ಹಿಡಿದ. ಮಾರಿವಿಕ್ ಶುಂಠಿ ನೀರು ಕುಡಿಸಿದಳು. ಲಾರಿಂಗ್ ಎದ್ದು ಚಪ್ಪರಕ್ಕೆ ನಡೆದೇಬಿಟ್ಟಳು. ಉಳಿದ ಹಾಡುಗಾರರು ಆ ದಿನದ ಪದ್ಧತಿಯಂತೆ ಇಗರ್ಜಿಗಳ ಸುತ್ತು ಹಾಕಲು ಹೋಗಿದ್ದರು, ಇಲ್ಲವೇ ಫ್ಲೂನಲ್ಲಿ ಮಲಗಿದ್ದರು. ಆ ಮಧ್ಯಾಹ್ನ ಈ ಬೆಂಚಿಗೆ ಲಾರಿಂಗ್ ಒಬ್ಬಳೇ, ಆ ಬೆಂಚಿಗೆ ಪಾಸಿಂಗ್ ಒಬ್ಬಳೇ.

ಅಡುಗೆಮನೆಯಲ್ಲಿದ್ದ ಮಾರಿವಿಕ್ ಕೈಯಲ್ಲಿದ್ದ ಗುಂಡುಕಲ್ಲನ್ನು ಕೆಳಗಿಟ್ಟಳು. ಸಾಲಿಗೊಂದು ಉಸಿರು ಕೇಳುತ್ತಿತ್ತು. ಆಮೇಲೆ ಸಾಲಿನೊಳಗೇ ಎರಡು, ಮೂರು. ಓಡಿ ಬಂದ ನಾಯಿಯದರಂಥ ಚಿಕ್ಕ ಚಿಕ್ಕ ಉಸಿರು. ಅವಳು ಚಪ್ಪರಕ್ಕೆ ಓಡಿದಳು. ಲಾರಿಂಗ್ ಹಾಡುತ್ತಲೇ ಇದ್ದಳು, ಕೈಯಿಂದ ಬಲಪಕ್ಕೆಯನ್ನು ಒತ್ತಿ ಹಿಡಿದು. ಮಡಿಲಿನ ಕರವಸ್ತ್ರದಲ್ಲಿ ಕಫಕ್ಕೆ ತುಕ್ಕಿನ ಬಣ್ಣ. ಬಿನಾತ್ ಬಂದವರನ್ನು ಮಾರಿವಿಕ್ ನೋಡಿದ್ದಳು. ಅವರು ಮಲಗಿ ನರಳುತ್ತಾರೆ. ಹೀಗೆ ಗಾಳಿಗಾಗಿ ಬಡಿದಾಡುವುದಿಲ್ಲ.

ಪಾಸಿಂಗ್‌ಳ ಸರದಿ ಬಂದಾಗ ಮಾರಿವಿಕ್ ಅತ್ತೆಯ ಕಿವಿಯ ಹತ್ತಿರ ಬಾಗಿದಳು. ಗಂಡನಂತೆ ಅವಳೂ ಅತ್ತೆಯನ್ನು ನಾನಾಯ್ ಎನ್ನುತ್ತಿದ್ದಳು, ಅಮ್ಮ ಎಂದು.

"ನಾನಾಯ್, ಆಸ್ಪತ್ರೆಗೆ ಹೋಗೋಣ. ಈಗಲೇ."

"ಶಿಲುಬೆ ಹೊತ್ಕೊಂಡು ಬಿದ್ದಿದ್ದಾನೆ ಕಣೇ. ಈಗ ಹಾಡು ನಿಂತ್ರೆ... ಬಿದ್ದಲ್ಲೇ ಇರ್ತಾನೆ."

"ಅವನು ಮೂರನೇ ದಿನ ಎದ್ದು ಬರ್ತಾನೆ. ನಿಮ್ಮ ಬಗ್ಗೆ ಹಾಗಂತ ಎಲ್ಲೂ ಬರೆದಿಲ್ಲ."

ಲಾರಿಂಗ್‌ಳ ತುಟಿಯ ಕೊನೆ ಒಂದಿಷ್ಟು ನಕ್ಕಿತು. ತುಟಿಗೆ ನೀಲಿ ಹತ್ತಿತ್ತು. ಅವಳ ಸರದಿ ಬಂತು. ಬಾಯಿ ತೆರೆದಳು, ಸ್ವರ ಬರಲಿಲ್ಲ. ಎದುರು ಬೆಂಚಿನಲ್ಲಿ ಪಾಸಿಂಗ್ ಕಣ್ಣರಳಿಸಿ ಕಾಯುತ್ತಿದ್ದಳು. ಈ ಬೀದಿಯಲ್ಲಿ ಇಷ್ಟು ದೊಡ್ಡ ಮೌನವನ್ನು ಮಾರಿವಿಕ್ ಕೇಳಿರಲಿಲ್ಲ. ಅವಳು ಅತ್ತೆಯ ಪಕ್ಕ ಕೂತು, ಹಾಡಿನ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು, ಹಾಡಿದಳು. ಸೆಬುವಿನ ಎಳೆತ, ಅಡ್ಡಾದಿಡ್ಡಿ ಸ್ವರ. ಪಾಸಿಂಗ್ ನಗು ತಡೆದು ಮುಂದಿನ ಪದ್ಯ ಎತ್ತಿಕೊಂಡಳು.

ಹಾಡು ನಿಲ್ಲುವುದಿಲ್ಲವೆಂದು ಖಾತ್ರಿಯಾಗುವತನಕ ಲಾರಿಂಗ್ ಅಲುಗಲಿಲ್ಲ. ಆಮೇಲೆ ತಾನಾಗಿಯೇ, ಅಷ್ಟರಲ್ಲಿ ಚಪ್ಪರಕ್ಕೆ ಬಂದಿದ್ದ ಮಗನತ್ತ ತೋಳು ಚಾಚಿದಳು. ದೆನ್ಸಿಯೊ ಅವಳನ್ನು ಎತ್ತಿ ತನ್ನ ಟ್ರೈಸಿಕಲ್‌ನಲ್ಲಿ, ಬೈಕಿನ ಪಕ್ಕಕ್ಕೆ ಜೋಡಿಸಿದ ಗಾಡಿಯಲ್ಲಿ, ಕೂರಿಸಿಕೊಂಡು ಹೋದ.

ಹಾಡುಗಾರರು ಮರಳಿದ ಮೇಲೆ ಮಾರಿವಿಕ್ ಆಸ್ಪತ್ರೆ ಮುಟ್ಟಿದಳು. ಎಕ್ಸ್‌ರೇಯಲ್ಲಿ ಬಲಗಡೆಯ ಶ್ವಾಸಕೋಶದ ಕೆಳಭಾಗ ಅನ್ನದಂತೆ ಬೆಳ್ಳಗಿತ್ತು.

"ಇದನ್ನಿಟ್ಕೊಂಡು ಇವರು ಹಾಡ್ತಿದ್ರಾ?" ಅಂದಳು ಡಾಕ್ಟರ್, ನಂಬದೆ ಇನ್ನೊಮ್ಮೆ ನೋಡಿ.

"ಹಾಗಾದ್ರೆ ಬಿನಾತ್ ಅಲ್ವಾ?" ಅಂದ ದೆನ್ಸಿಯೊ.

"ಮರಳಿ ಬಂದಿದೆ ಅನ್ನೋದು ನಿಜ. ಆದ್ರೆ ಬಂದಿರೋದು ಹೋದವನಲ್ಲ, ಬೇರೆಯವನು. ಉಸಿರಿನ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲಿರ್ತವೆ, ಕೊಳೆನೆಲ್ಲ ಮೇಲಕ್ಕೆ ಗುಡಿಸ್ತಾ ಇರ್ತವೆ. ಫ್ಲೂ ವೈರಸ್ ಆ ಕೂದಲನ್ನೆಲ್ಲ ಸುಲಿದು ಹಾಕಿದೆ. ಕಾವಲಿಗಿದ್ದ ರಕ್ತಕಣಗಳೂ ಸುಸ್ತಾಗಿವೆ. ಗಂಟಲಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಾ ಕೆಳಗಿಳಿದು ಬಿಡಾರ ಹೂಡಿವೆ. ನ್ಯುಮೋನಿಯಾ. ಜ್ವರ ಬಿಟ್ಟಾಗ ಎಲ್ರೂ ಮುಗೀತು ಅಂದ್ಕೋತಾರೆ, ಇವು ಬರೋದೇ ಆಗ. ಇವಕ್ಕೆ ಔಷಧಿ ಇದೆ. ಇನ್ನೂ ತಡ ಮಾಡಿದ್ರೆ ನಾನು ಹೀಗೆ ಹೇಳ್ತಿರಲಿಲ್ಲ."

ಔಷಧಿ ಹನಿಹನಿಯಾಗಿ ಇಳಿಯಿತು. ಜ್ವರ ಹಟ ಮಾಡಿ, ಆಮೇಲೆ ಸೋತಿತು. ಆಕ್ಸಿಜನ್ ನಳಿಕೆ ತೆಗೆದ ಬೆಳಗ್ಗೆ ಲಾರಿಂಗ್ ಮೊದಲು ಆಸ್ಪತ್ರೆಯ ಗಂಜಿಯನ್ನು ಬೈದಳು, ಆಮೇಲೆ ಸೊಸೆಯನ್ನು.

"ಪದದ ಹೊಟ್ಟೆ ಸೀಳಿ ಉಸಿರೆಳೀತೀಯಲ್ಲೇ. ಟ್ರೈಸಿಕಲ್‌ನಲ್ಲಿ, ಸಾಯೋ ಹೊತ್ತಲ್ಲೂ, ಕಿವಿಗೆ ಬೀಳ್ತಿತ್ತು ನಂಗೆ."

"ಎಲ್ಲಿ ಎಳೀಬೇಕು ಹೇಳಿ ಮತ್ತೆ."

ಲಾರಿಂಗ್ ದಿಂಬಿಗೊರಗಿ, ಕಣ್ಣು ಮುಚ್ಚಿ ಒಂದು ಸಾಲು ಹಿಡಿದಳು. ಧ್ವನಿ ಹಗ್ಗದಂತೆ ಒರಟಾಗಿತ್ತು. ಸಾಲು ಮುಗಿಯುವವರೆಗೂ ಮಾರಿವಿಕ್ ತನ್ನ ಉಸಿರನ್ನೂ ಬಿಗಿಹಿಡಿದಿದ್ದಳು. ಎರಡನೆಯ ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಮುದುಕಿ ಹಾಡು ನಿಲ್ಲಿಸಿದಳು. ಕೆಮ್ಮಲಿಲ್ಲ, ಪಕ್ಕೆ ಹಿಡಿಯಲಿಲ್ಲ. ಸುಮ್ಮನೆ ತುಟಿ ಮುಂದೆ ಚಾಚಿ ಸೊಸೆಯತ್ತ ತೋರಿಸಿದಳು: ಇಲ್ಲಿ.

ಮಾರಿವಿಕ್ ಅಲ್ಲಿ ಉಸಿರೆಳೆದುಕೊಂಡಳು.