ಜೇಬಿನಲ್ಲಿ ಬರುವ ಬ್ರೆಡ್ಡು

ನಮ್ಮ ಮಾವ ಬೇಕರಿಯವರು. ಸ್ನಾನ ಮಾಡಿ ಬಂದರೂ ಹುಬ್ಬಿನಲ್ಲೆಲ್ಲೋ ಒಂದಿಷ್ಟು ಹಿಟ್ಟು ಉಳಿದೇ ಇರುತ್ತದೆ. ಮದುವೆಯಾದಾಗಿನಿಂದ ಅವರಿಗೊಂದು ರೂಢಿ. ಬೆಳಗ್ಗೆ ಮೊದಲು ಬೆಂದ ಬ್ರೆಡ್ಡಿನ ಅಂಚಿನ ತುಂಡನ್ನು ಕಾಗದದಲ್ಲಿ ಸುತ್ತಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು, ತಿಂಡಿಯ ಹೊತ್ತಿಗೆ ಮನೆಗೆ ಬಂದು ಮುಂಬಾಗಿಲಲ್ಲೇ ಅತ್ತೆಯ ಕೈಗೆ ಕೊಡುವುದು. ಅತ್ತೆ ಅದನ್ನು ಅಲ್ಲೇ ನಿಂತು ತಿನ್ನುವುದು. ಮಾತಿಲ್ಲ, ಕತೆಯಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ, ಈ ಮನೆಯಲ್ಲಿ ತಟ್ಟೆಗಳಿಲ್ಲವೇನೋ ಅಂದುಕೊಂಡಿದ್ದೆ.

ಆಮೇಲೆ ಅತ್ತೆಗೆ ಹೊಟ್ಟೆಯ ತೊಂದರೆ ಶುರುವಾಯಿತು. ಡಾಕ್ಟರು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸಿ ಕೊನೆಗೆ, "ಬ್ರೆಡ್ಡು ಉಬ್ಬೋಕೆ ಹಾಕ್ತಾರಲ್ಲ ಯೀಸ್ಟು, ಅದು ನಿಮಗೆ ಆಗಿಬರಲ್ಲ. ಯೀಸ್ಟ್ ಹಾಕಿದ್ದು ಒಂದು ಚೂರೂ ತಿನ್ಬೇಡಿ" ಎಂದರು. ಅತ್ತೆ ಸುಮ್ಮನೆ ತಲೆಯಾಡಿಸಿದರು. ಪಕ್ಕದಲ್ಲಿ ಕೂತಿದ್ದ ಮಾವನ ಮುಖ ನೋಡಲಾಗಲಿಲ್ಲ.

ಅವತ್ತಿನಿಂದ ಮಾವ ಹಿಂಬಾಗಿಲಿಂದ ಬರತೊಡಗಿದರು. ಬಟ್ಟೆ ಬದಲಿಸಿ, ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು, ಕಳ್ಳನ ಹಾಗೆ ಒಳಗೆ ಬಂದು ಮೂಲೆಯ ಕುರ್ಚಿ ಹಿಡಿಯುವರು. ಯಾಕೆ ಮಾವ ಎಂದು ಕೇಳಿದ್ದಕ್ಕೆ, "ಇಷ್ಟು ವರ್ಷ ನನ್ನ ಕೈಯಾರೆ ಅವಳಿಗೆ ಹೊಟ್ಟೆನೋವು ತಿನ್ನಿಸ್ದೆ" ಎಂದರು, ಅಷ್ಟೇ. ಅತ್ತ ಅತ್ತೆ ತಿಂಡಿಯ ಹೊತ್ತಿಗೆ ಏನಾದರೊಂದು ನೆಪ ಹಿಡಿದು ಮುಂಬಾಗಿಲ ಬಳಿ ಸುಳಿಯುವರು. ಆಗತಾನೇ ಕೊಡವಿದ್ದ ಕಾಲೊರಸನ್ನು ಮತ್ತೊಮ್ಮೆ ಕೊಡವುವರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮೇಲಾಗಿ ನಾನು ಬಸ್ಸು ಓಡಿಸುವವಳು. ನಿಂತಲ್ಲೇ ನಿಂತ ಯಾವುದನ್ನು ಕಂಡರೂ ಹಾರನ್ ಹೊಡೆಯಬೇಕೆನಿಸುತ್ತದೆ. ಒಂದು ಬೆಳಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಓಟ್ಸ್ ಡಬ್ಬಿ ತೆಗೆದೆ. ಡಿಪೋದ ಗೆಳತಿ ಹೇಳಿಕೊಟ್ಟಿದ್ದ ಬ್ರೆಡ್ಡು. ಓಟ್ಸನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಒಂದು ಹಿಡಿಯನ್ನು ಹಾಗೇ ಬಿಟ್ಟು, ಉಪ್ಪು, ಅಡುಗೆ ಸೋಡಾ, ಗಟ್ಟಿ ಮೊಸರು, ಒಂದು ಮೊಟ್ಟೆ, ಚೂರು ಜೇನುತುಪ್ಪ ಹಾಕಿ ಕಲಸಿದರೆ ಆಯಿತು. ಯೀಸ್ಟಿನ ಸುದ್ದಿಯೇ ಇಲ್ಲ.

ಆ ದಿನ ಮಾವನಿಗೆ ರಜೆ. ಬಂದು ಪಾತ್ರೆಗೆ ಇಣುಕಿದರು. "ಇದಕ್ಕೆ ಬ್ರೆಡ್ ಅಂತಾರಾ, ಡ್ರೈವರಮ್ಮ? ಗೋಡೆಗೆ ಮೆತ್ತೋಕೆ ಚೆನ್ನಾಗಿದೆ."

"ತಿಂದ್ಮೇಲೆ ಮಾತಾಡಿ, ಮಾವ" ಎಂದು ಅದನ್ನು ಟಿನ್ನಿಗೆ ಸುರಿದು, ಓವನ್ನಿಗೆ ತಳ್ಳಿ, ಕಡ್ಡಿ ಚುಚ್ಚಿದರೆ ಅಂಟದಿದ್ದಾಗ ತೆಗೆಯಿರಿ ಎಂದು ಅತ್ತೆಗೆ ಹೇಳಿ ಓಡಿದೆ.

ಸಂಜೆ ಬಂದು ನೋಡಿದರೆ ಅರ್ಧ ಬ್ರೆಡ್ಡು ಖಾಲಿ. "ಚೆನ್ನಾಗಿತ್ತು ಕಣೇ. ಹೊಟ್ಟೆ ತುಟಿಪಿಟಕ್ ಅನ್ಲಿಲ್ಲ" ಎಂದರು ಅತ್ತೆ. ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತ್ತು. ಮಾವ ಒಂದು ತುಂಡನ್ನು ಬೆಳಕಿಗೆ ಹಿಡಿದು, ಮೂಸಿ, ಅಗಿದು, "ಪರವಾಗಿಲ್ಲ. ಆದ್ರೆ ಪಳಗಿದ ಕೈಯಲ್ಲ. ಮುಂದಿನ ರಜಕ್ಕೆ ನಾನು ಮಾಡಿ ತೋರಿಸ್ತೀನಿ" ಎಂದರು. ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತಿದ್ದರು ಕೂಡ.

ಬೇಕರಿಯಲ್ಲಿ ಮಾಡುವ ಹಾಗಿರಲಿಲ್ಲ. ಅಲ್ಲಿನ ಮೇಜು, ಗೋಡೆ, ಗಾಳಿಯಲ್ಲೆಲ್ಲ ಯೀಸ್ಟೇ. ಹೊಸ ಪಾತ್ರೆ, ಹೊಸ ಟಿನ್ನು ಮನೆಗೇ ಬಂದವು. ಮಾವ ತೋಳು ಮಡಿಸಿ ನಾದತೊಡಗಿದರು. ಗಂಜಿಯಂಥದ್ದನ್ನು ನಾದುವುದೆಂದರೆ ಹೇಗೆ? ಅದು ಮೊಣಕೈವರೆಗೂ ಹತ್ತಿತು. ಅವರು ಬಿಡಲಿಲ್ಲ. ಆಮೇಲೆ ಒದ್ದೆ ಬಟ್ಟೆ ಮುಚ್ಚಿ ಬಿಸಿಲಿರುವ ಕಿಟಕಿಯ ಬಳಿ ಇಟ್ಟು, ಹೆರಿಗೆ ವಾರ್ಡಿನ ಹೊರಗೆ ಕೂತವರ ಹಾಗೆ ಪಕ್ಕದಲ್ಲಿ ಕೂತರು. "ಹಿಟ್ಟಿಗೆ ಟೈಮ್ ಕೊಡ್ಬೇಕು. ನಿನ್ನ ಹಾಗೆ ಕಾಲಿಗೆ ಚಕ್ರ ಕಟ್ಕೊಂಡ್ರೆ ಆಗಲ್ಲ."

ಮಧ್ಯಾಹ್ನದ ಮೇಲೆ ಬೆಂದು ಬಂತು. ಮಾವ ಅದನ್ನು ಮಗುಚಿ, ತಳಕ್ಕೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು. ಟೊಳ್ಳು ಸದ್ದು ಬಂದರೆ ಬೆಂದ ಹಾಗೆ, ಇದು ಅವರ ಜೀವಮಾನದ ಲೆಕ್ಕ. ಬ್ರೆಡ್ಡು ಧಪ್ ಎಂದಿತು. ಮತ್ತೆ ಓವನ್ನಿಗೆ. ಮತ್ತೆ ಧಪ್. ಕೊನೆಗೂ ಅವರಿಗೆ ಬೇಕಾದ ಸದ್ದು ಬಂದಾಗ ಚಾಕು ಇಳಿಯಲಿಲ್ಲ.

"ಅಪ್ಪ, ಗಾಳಿಗೆ ಬಾಗಿಲು ಬಡ್ಕೊಳ್ತಿತ್ತು, ಅಡ್ಡ ಇಡೋಕೆ ಸಿಕ್ತು ಬಿಡು" ಎಂದ ನನ್ನ ಗಂಡ. ಮಾವ ನಗಲಿಲ್ಲ.

ಮುಂದಿನ ರಜೆಯಲ್ಲೂ ಅದೇ ಇಟ್ಟಿಗೆ. ಈ ಸಲ ಇನ್ನೂ ಹೆಚ್ಚು ಹೊತ್ತು ಕಾದಿದ್ದರು, ಇನ್ನೂ ಜೋರಾಗಿ ನಾದಿದ್ದರು. ತಣ್ಣಗಾದ ಮೇಲೆ ಟಿನ್ನನ್ನು ತೊಳೆದು, ಒರೆಸಿ, ಕೈಗೆಟುಕದ ಮೇಲಿನ ಕಪಾಟಿಗೆ ಸೇರಿಸಿದರು. "ಅವಳಿಗೆ ತಿನ್ನಿಸೋ ಭಾಗ್ಯ ಈ ಕೈಗೆ ಮುಗೀತು ಅನ್ಸತ್ತೆ. ನೀನೇ ಮಾಡಿಕೊಡು, ಡ್ರೈವರಮ್ಮ" ಎಂದರು. ಏನೂ ಗೊತ್ತಿಲ್ಲದ ನನ್ನ ಬ್ರೆಡ್ಡು ಉಬ್ಬುತ್ತದೆ, ಇವರದ್ದೇಕೆ ಹೀಗೆ ಎನ್ನುವುದು ನನ್ನ ತಲೆಗೇ ಹತ್ತಲಿಲ್ಲ.

ಅದನ್ನು ಕಂಡುಹಿಡಿದವರು ಅತ್ತೆ. ಮುಂದಿನ ರಜೆಯ ಬೆಳಗ್ಗೆ ಸ್ಟೂಲು ಹತ್ತಿ ಟಿನ್ನನ್ನು ಇಳಿಸಿ ಮಾವನ ಮುಂದಿಟ್ಟರು.

"ಇವಳು ಮಾಡೋದು ನೋಡಿದೀರಾ? ಬಸ್ಸಿಗೆ ತಡ ಆಯ್ತು ಅಂತ ಕಲಸಿದ್ದೇ ತಡ, ಓವನ್ನಿಗೆ ತಳ್ತಾಳೆ. ಸೋಡಾ ಮೊಸರಿಗೆ ಬಿದ್ದ ಕೂಡ್ಲೇ ಗುಳ್ಳೆ ಏಳತ್ತೆ. ನೀವು ಬಟ್ಟೆ ಮುಚ್ಚಿ, ಆ ಗುಳ್ಳೆ ಎಲ್ಲ ಸಾಯೋವರ್ಗೂ ಪಕ್ಕದಲ್ಲಿ ಕೂರ್ತೀರ. ನಿಮ್ಮ ಯೀಸ್ಟಿನ ಹಿಟ್ಟು ಕಾಯತ್ತೆ. ಇದು ಕಾಯಲ್ಲ. ಇದನ್ನ ಕಾಯಿಸ್ಬಾರ್ದು."

ಮಾವ ಟಿನ್ನನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಅವಸರವನ್ನು ಈ ಮನೆಯಲ್ಲಿ ಯಾರೂ ಗುಣ ಎಂದು ಕರೆದಿರಲಿಲ್ಲ.

"ಏಳಿ ಮಾವ, ಬಸ್ ಹೊರಟಿತು" ಎಂದು ಅವರ ಬೆನ್ನಿಗೆ ಬಿದ್ದೆ. ಓವನ್ ಮೊದಲೇ ಕಾಯಿಸಿದೆವು. ಒಣ ಪುಡಿಗೆ ಮೊಸರು ಬಿದ್ದಿದ್ದೇ, "ಸಾಕು, ಕೈ ಹಾಕ್ಬೇಡಿ, ಸೌಟಲ್ಲಿ ತಿರುವಿ, ಹೂಂ, ಸುರೀರಿ" ಎಂದು ಕೂಗಿದೆ. ಪಾಪ, ಅವರ ಕೈ ತಾನಾಗಿ ಒದ್ದೆ ಬಟ್ಟೆಯತ್ತ ಹೋಯಿತು. ನಾನು ಬಟ್ಟೆಯನ್ನು ಕಸಿದುಕೊಂಡೆ. ಓವನ್ನಿನ ಗಾಜಿನ ಮುಂದೆ ಮಾವ ಮಂಡಿಯೂರಿ ಕೂತರು. ಬ್ರೆಡ್ಡಿನ ಬೆನ್ನು ಏಳುತ್ತಾ, ನಡುವೆ ಬಿರಿಯುತ್ತಾ ಬಂದ ಹಾಗೆ ಅವರ ಹುಬ್ಬೂ ಮೇಲೆ ಹೋಗುತ್ತಿತ್ತು. ಮನೆ ತುಂಬ ಹುರಿದ ಓಟ್ಸಿನ ಘಮ. ತೆಗೆದು ಮಗುಚಿ ಇನ್ನೇನು ಗೆಣ್ಣು ಬಡಿಯಬೇಕು, ನಾನು ಮಣಿಕಟ್ಟು ಹಿಡಿದು ಕಡ್ಡಿ ಕೊಟ್ಟೆ. ಚುಚ್ಚಿದರು. ಕಡ್ಡಿ ಏನೂ ಅಂಟದೆ ಹೊರಬಂತು.

ಸ್ವಲ್ಪ ಆರಿದ ಮೇಲೆ ಅಂಚಿನ ತುಂಡನ್ನು ಕತ್ತರಿಸಿದರು. ನಾನು ತಟ್ಟೆ ತರಲು ತಿರುಗಿ ಮತ್ತೆ ನೋಡಿದರೆ ಮಾವನಿಲ್ಲ, ತುಂಡೂ ಇಲ್ಲ. ಸ್ವಲ್ಪ ಹೊತ್ತಿಗೆ ಹಿಂಬಾಗಿಲು ಸದ್ದು ಮಾಡಿತು.

ಕಿಟಕಿಯಿಂದ ಬಗ್ಗಿ ನೋಡಿದೆ. ಮಾವ ಒಗೆದಿಟ್ಟಿದ್ದ ಅಂಗಿ ತೊಟ್ಟು, ಕಸದ ಡಬ್ಬಿಗಳನ್ನು ದಾಟಿ, ಮನೆಯ ಪಕ್ಕದ ಓಣಿಯಲ್ಲಿ ಬೀದಿಯ ಕಡೆ ಹೋಗುತ್ತಿದ್ದರು. ಒಂದು ಕೈ ಜೇಬಿನ ಮೇಲಿತ್ತು. ನನಗೆ ಅಳು ಬಂತು. ನನ್ನ ಬಸ್ಸಿನ ಹೊತ್ತು ಮೀರುತ್ತಿತ್ತು, ಮೀರಲಿ ಎಂದು ಅಲ್ಲೇ ನಿಂತೆ.

ಮುಂಬಾಗಿಲ ಕರೆಗಂಟೆ ಮೊಳಗಿತು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಬಾಗಿಲು ತೆರೆದರು. ಮಾವ ಕಾಗದದ ಪೊಟ್ಟಣವನ್ನು ತೆಗೆದು ಕೊಟ್ಟರು. ಅತ್ತೆ ಅದನ್ನು ಬಿಡಿಸಿ, ಅಲ್ಲೇ ನಿಂತು, ಕೊನೆಯ ಚೂರಿನವರೆಗೂ ತಿಂದರು.

"ಇವತ್ತು ಬೇಗ ಬಂದ್ರಲ್ಲ" ಎಂದರು.

"ಕಾಯಿಸ್ಬಾರ್ದು ಅಂತ ನೀನೇ ಅಂದ್ಯಲ್ಲ" ಎಂದರು ಮಾವ.